ಸ್ಮಶಾನದ ಜಾಗ ಕೇಳಿದ್ರ ಅಪಾಸ್ಟ್ರಫಿ ತೋರಿಸಿದ್ರು



ಪೋಸ್ಟ್ ಉದ್ದ ಐತಿ. ಈಗ ಪುರುಸೊತ್ತು ಇಲ್ಲಂದ್ರ ರಾತ್ರಿ ಉಂಡ ಮ್ಯಾಲೆ ಓದ್ರಿ. ಕಾಲೇಜಿಗೆ ಹೋಗೋ ನಮ್ಮ ಕೇರಿ ಹುಡುಗ ಹುಡುಗಿಯರಿಗೆ ತಪ್ಪದೆ ತೋರಿಸ್ರಿ, ಅವರ ಸಲುವಾಗಿನೇ ಬರದೀನಿ.

ಹೋದ ವಾರ ನಮ್ಮ ಭಾಗದ ಒಂದು ಹಳ್ಳಿಯ ಹುಡುಗ ಒಂದು ವಾಟ್ಸಾಪ್ ಗುಂಪಿನಾಗ ಇಂಗ್ಲಿಷಿನಲ್ಲಿ ನಾಲ್ಕು ಪ್ಯಾರಾ ಬರೆದು ಹಾಕಿದ್ದ. ಊರು, ಹೆಸರು ಬ್ಯಾಡ. ಆಗಿದ್ದೇ ಸಾಕಾಗೇತಿ ಅವನಿಗೆ. ಡಿಗ್ರಿ ಎರಡನೇ ವರ್ಷ ಓದ್ತಾನ. ವಿಷಯ ಏನಂದ್ರ, ಅವರ ಕೇರಿಯವರಿಗೆ ಹೆಣ ಹೂಳಾಕ ಸ್ವಂತ ಜಾಗ ಇಲ್ಲ. ಹಳ್ಳದ ದಂಡಿಗೆ ಹೂಳ್ತಾರ. ಮಳೆಗಾಲದಾಗ ಹಳ್ಳ ತುಂಬಿ ಬಂದ್ರ ನೀರು ಇಳಿಯೋ ತನಕ ಹೆಣ ಇಟ್ಕೊಂಡು ಕುಂದ್ರಬೇಕು. ಕನ್ನಡದಾಗ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಇಂಗ್ಲಿಷಿನಾಗ ಬರೆದ್ರ ಮ್ಯಾಲಿನ ಸಾಹೇಬರು ಓದ್ತಾರೇನೋ ಅನ್ನೋ ಆಸೆ ಅವನದು.

ಅದರಾಗ ಎರಡು ತಪ್ಪು ಇದ್ದವು. “ಅವರ್ ಪೀಪಲ್ಸ್ ಲ್ಯಾಂಡ್” ಅಂತ ಬರೆಯುವಾಗ ಅಪಾಸ್ಟ್ರಫಿ ಬಿಟ್ಟಿದ್ದ. “ಎಸ್‌ಸಿ’ಸ್ ಆರ್ ಸಫರಿಂಗ್” ಅನ್ನೋ ಕಡೆ ಬ್ಯಾಡದ ಜಾಗದಾಗ ಹಾಕಿದ್ದ.

ಕಾಲು ತಾಸಿನೊಳಗ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು, ಎರಡೂ ಕಡೆ ಕೆಂಪು ಸುತ್ತು ಹಾಕಿ, ನಗೋ ಮುಖ ಹಚ್ಚಿ, “ಫಸ್ಟ್ ಲರ್ನ್ ಇಂಗ್ಲಿಷ್” ಅಂತ ವಾಪಸ್ ಹಾಕಿದ್ರು. ಇನ್ನೊಬ್ಬರು “ಇದು ರಿಸರ್ವೇಶನ್ ಇಂಗ್ಲಿಷ್” ಅಂದ್ರು. ಅಲ್ಲಿಂದ ಶುರು ಆತು ನೋಡ್ರಿ. ಕಾಮಾ ಯಾವುದು, ಅಪಾಸ್ಟ್ರಫಿ ಯಾವುದು, ಈಗಿನ ಹುಡುಗರಿಗೆ ಗ್ರಾಮರ್ ಇಲ್ಲ, ಮಾರ್ಕ್ಸ್ ಪುಕ್ಕಟೆ ಕೊಡ್ತಾರ. ಐವತ್ತು ಅರವತ್ತು ಮೆಸೇಜ್. ನಾನು ಕುಂತು ಮೊದಲಿಂದ ಕಡೀತನಕ ಓದಿದೆ. ಸ್ಮಶಾನ ಅನ್ನೋ ಶಬ್ದ ಒಂದು ಸಲನೂ ಬರಲಿಲ್ಲ. ರಾತ್ರಿ ಹುಡುಗ ಪೋಸ್ಟ್ ಅಳಿಸಿ ಗುಂಪಿನಿಂದ ಹೊರಗ ಬಂದ.

ಮರುದಿನ ಮುಂಜಾನೆ ನನಗ ಫೋನ್. “ಅಣ್ಣಾ, ಇನ್ನ ನಾ ಇಂಗ್ಲಿಷಿನಾಗ ಬರಿಯಂಗಿಲ್ಲ.”

ಕೆಂಪು ಸುತ್ತು ಹಾಕಿದ ಮಹಾನುಭಾವರ ಬಗ್ಗೆ ನನಗ ಅಷ್ಟು ಸಿಟ್ಟು ಬರಲಿಲ್ಲ. ಅವರು ಮಾಡೋದೇ ಅದು. ನಮ್ಮವ ಅಂದ ಈ ಒಂದು ಮಾತು ಎದಿಗೆ ಬಡೀತು.

ನಮ್ಮ ಗೆಳೆಯರು ಕೆಲವರು ಅವನಿಗೆ ಸಮಾಧಾನ ಹೇಳಿದ್ರು. “ಭಾಷೆ ಅಂದ್ರ ವಿಷಯ ತಿಳಿದ್ರ ಸಾಕಪ್ಪಾ, ಚುಕ್ಕಿ ಎಲ್ಲಿದ್ರ ಏನು?” ಅಂತ. ಒಳ್ಳೆ ಮನಸ್ಸಿನಿಂದ ಹೇಳ್ಯಾರ, ಆದ್ರ ನಾನು ಈ ಮಾತು ಒಪ್ಪೋದಿಲ್ಲ. ಕೆಂಪು ಸುತ್ತು ಹಾಕಿದ್ದು ಜಾತಿಯ ಅಹಂಕಾರ, ಅದು ಬೇರೆ. ಚುಕ್ಕಿ ತಪ್ಪಿದ್ದು ತಪ್ಪೇ, ಅದು ಬೇರೆ. ಮೊದಲನೇದರ ಸಿಟ್ಟಿನಾಗ ಎರಡನೇದನ್ನ ಕಲಿಯೋದು ಬಿಟ್ರ ಲುಕ್ಸಾನು ಯಾರಿಗೆ? ಅವರ ಮಕ್ಕಳು ಕಲ್ತೇ ಕಲೀತಾರ.

ನನ್ನ ಕಥೆನೂ ಸ್ವಲ್ಪ ಕೇಳ್ರಿ. ನಾವು ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮ ಕಾಲಕ್ಕ ಇಂಗ್ಲಿಷ್ ಶುರು ಆಗ್ತಿದ್ದದ್ದೇ ಐದನೇ ಇಯತ್ತೆಗೆ. ಎಬಿಸಿಡಿ ಮುಗಿಯೋದ್ರಾಗ ಆರನೇತ್ತ ಬಂದಿರತಿತ್ತು. ಅಪಾಸ್ಟ್ರಫಿಗೆ ನಾವು “ಮ್ಯಾಲಿನ ಕಾಮಾ” ಅಂತಿದ್ವಿ. ಅದು ಯಾಕ ಬರತೈತಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎಸ್ ಅಕ್ಷರ ಕಂಡಲ್ಲಿ ಒಂದು ಚುಕ್ಕಿ ಒಗೆದ್ರ ಚಂದ ಕಾಣ್ತದ ಅಂತ ತಿಳ್ಕೊಂಡಿದ್ದೆ. ಬಿಎ ಮುಗಿದು ಗುಮಾಸ್ತನಾಗಿ ಸೇರಿದ ಮ್ಯಾಲೆ ಒಂದು ಇಂಗ್ಲಿಷ್ ಪತ್ರದ ಡ್ರಾಫ್ಟ್ ಮಾಡಿ ಒಳಗ ಕಳಿಸಿದೆ. ವಾಪಸ್ ಬಂದಾಗ ಏಳು ಕಡೆ ಕೆಂಪು ಗೆರಿ. ಯಾಕ ಅಂತ ಒಂದಕ್ಷರ ಇಲ್ಲ. ಮತ್ತ ಬರೆದೆ, ಮತ್ತ ಗೆರಿ. ಮೂರನೇ ಸಲ ಬಾಜೂಕ ಕುಂತಿದ್ದ ಹಿರಿಯ ಗುಮಾಸ್ತರೊಬ್ಬರು, “ತಮ್ಮಾ, ನೀ ಇದ್ದ ಹಾಸ್ಟೆಲ್ ಬೋರ್ಡ್ ನೆನಪು ಮಾಡ್ಕೋ” ಅಂದ್ರು.

ನಾನು ಓದಿದ್ದು ಹಾಸ್ಟೆಲಿನಾಗ. ಬೋರ್ಡಿನ ಮ್ಯಾಲೆ ಕನ್ನಡದಾಗ “ಬಾಲಕರ ವಸತಿ ನಿಲಯ” ಅಂತ ಸರಿಯಾಗೇ ಇತ್ತು. ಕೆಳಗ ಇಂಗ್ಲಿಷಿನಾಗ ಬಿ, ಓ, ವೈ, ಚುಕ್ಕಿ, ಎಸ್. ಬಾಯ್’ಸ್ ಹಾಸ್ಟೆಲ್. ಅವರು ಕೇಳಿದ್ರು, “ಎಷ್ಟು ಮಂದಿ ಇದ್ರಿ?” ಎಂಬತ್ತು ಮಂದಿ ಅಂದೆ. “ಬೋರ್ಡ್ ಪ್ರಕಾರ ಒಬ್ಬನ ಇದ್ದ ನೋಡು” ಅಂತ ನಕ್ಕರು.

ಅವತ್ತು ಹತ್ತು ನಿಮಿಷದಾಗ ಅವರು ಹೇಳಿಕೊಟ್ಟದ್ದನ್ನೇ ಈಗ ನಿಮಗ ಹೇಳ್ತೀನಿ.

ಕನ್ನಡದಲ್ಲಿ ಷಷ್ಠಿ ವಿಭಕ್ತಿ ಐತಿ. ಹುಡುಗನ ಪುಸ್ತಕ, ಹುಡುಗರ ಪುಸ್ತಕ. ಒಬ್ಬನದೋ ನಾಲ್ಕು ಮಂದಿದೋ ಅನ್ನೋದು ಕಿವಿಗೇ ಗೊತ್ತಾಗತೈತಿ. ಇಂಗ್ಲಿಷಿನಾಗ ಎರಡಕ್ಕೂ ಉಚ್ಚಾರ ಒಂದೇ, “ಬಾಯ್ಸ್”. ಕಿವಿ ಏನೂ ಹೇಳಂಗಿಲ್ಲ, ಕಣ್ಣೇ ನೋಡಬೇಕು. ಚುಕ್ಕಿ ಎಸ್‌ಗಿಂತ ಮೊದಲು ಬಂದ್ರ ಹುಡುಗನ. ಎಸ್ ಆದ ಮ್ಯಾಲೆ ಬಂದ್ರ ಹುಡುಗರ. ಚುಕ್ಕಿನೇ ಇಲ್ಲಂದ್ರ ಬರೀ “ಹುಡುಗರು”, ಅಲ್ಲಿ ಯಾರದೂ ಏನೂ ಇಲ್ಲ, ಪ್ರಥಮಾ ವಿಭಕ್ತಿ. ಹುಡುಗನ, ಹುಡುಗರ, ಹುಡುಗರು. ಈ ಮೂರನ್ನ ಕನ್ನಡದಾಗ ಎಂದೂ ತಪ್ಪದ ನಮ್ಮ ಹುಡುಗರು ಇಂಗ್ಲಿಷಿನಾಗ ತಪ್ತಾರ ಅಂದ್ರ ಅವರಿಗೆ ಬುದ್ಧಿ ಕಡಿಮೆ ಅಂತಲ್ಲ, ಇದೂ ಅದೇ ಅಂತ ಯಾರೂ ಹೇಳಿಲ್ಲ ಅಷ್ಟೆ.

ನಮ್ಮ ತಾಲೂಕಿನವರಿಗೆ ಇನ್ನೊಂದು ಉದಾಹರಣೆ ಸಾಕು. 1980ರ ಜುಲೈ 21, ನರಗುಂದ ಬಂಡಾಯ. ಫಾರ್ಮರ್ಸ್ ಅಂತ ಬರೆದು ಚುಕ್ಕಿ ಎಸ್‌ಗಿಂತ ಮೊದಲು ಇಟ್ರ ಅದು ಒಬ್ಬ ರೈತನ ಬಂಡಾಯ ಆಗತೈತಿ. ನೀರಿನ ಕರದ ವಿರುದ್ಧ ಅವತ್ತು ಬೀದಿಗೆ ಬಂದದ್ದು ಒಬ್ಬ ರೈತನಾ? ಚುಕ್ಕಿ ಎಸ್ ಆಚೆ ಹೋಗಬೇಕು.

ಈ ಚುಕ್ಕಿ ಬಂದದ್ದೆಲ್ಲಿಂದ ಅಂದ್ರ, ಅದು ಮೂಲದಾಗ ಒಡೆತನದ ಗುರುತೇ ಅಲ್ಲ. ಅಕ್ಷರ ಬಿದ್ದುಹೋದ ಗುರುತು. ಹೈಸ್ಕೂಲಿನಾಗ ಲೋಪಸಂಧಿ ಓದೀರಲ್ಲ, ಊರು ಅಲ್ಲಿ ಸೇರಿ ಊರಲ್ಲಿ. ‘ಉ’ ಹೋತು. ನಾವು ಹೋದದ್ದಕ್ಕ ಗುರುತು ಇಡೋದಿಲ್ಲ, ಇಂಗ್ಲಿಷಿನವರು ಮ್ಯಾಲೊಂದು ಚುಕ್ಕಿ ಇಡ್ತಾರ. ಹಳೆ ಇಂಗ್ಲಿಷಿನಾಗ ಷಷ್ಠಿಗೆ ಇ, ಎಸ್ ಅಂತ ಪ್ರತ್ಯಯ ಇತ್ತು. ‘ಇ’ ಬಿದ್ದುಹೋಗಿ ಅದರ ಜಾಗದಾಗ ಈ ಚುಕ್ಕಿ ಕುಂತೈತಿ. ಶೇಕ್ಸ್‌ಪಿಯರನ ನಾಟಕಗಳ 1623ರ ಮುದ್ರಣದಾಗ ಒಡೆತನಕ್ಕ ಚುಕ್ಕಿ ಸಿಗೋದು ಅಪರೂಪ. ಎಸ್ ಆದ ಮ್ಯಾಲೆ ಚುಕ್ಕಿ ಇಡೋ ಪದ್ಧತಿ ಗಟ್ಟಿ ಆದದ್ದು ಅದಕ್ಕಿಂತ ಎಷ್ಟೋ ವರ್ಷ ತಡವಾಗಿ. ಅಂದ್ರ ಇದೇನು ಬ್ರಹ್ಮ ಬರೆದ ಬರಹ ಅಲ್ಲ. ಪ್ರಿಂಟಿಂಗ್ ಪ್ರೆಸ್ಸಿನವರು ಹಚ್ಚಿದ ರೂಢಿ.

ಇನ್ನ ಉಳಿದದ್ದನ್ನ ಬಾಬಾಸಾಹೇಬರ ಹತ್ತಿರನೇ ಕಲಿಯೋಣ. ಅವರ ಗ್ರಂಥಗಳ ಒಳಗಡೆ ಹೋಗೋದೂ ಬ್ಯಾಡ, ಹೆಸರು ಓದಿದ್ರ ಸಾಕು.

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಾಗ ಓದಿದ ಪ್ರಬಂಧ “ಕಾಸ್ಟ್ಸ್ ಇನ್ ಇಂಡಿಯಾ”. ಜಾತಿಗಳು, ಬಹುವಚನ. ಚುಕ್ಕಿ ಇಲ್ಲ. ಬರೀ ಬಹುವಚನ ಮಾಡಾಕ ಎಂದೂ ಚುಕ್ಕಿ ಬ್ಯಾಡ.

1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪುಸ್ತಕ “ದಿ ಪ್ರಾಬ್ಲೆಮ್ ಆಫ್ ದಿ ರುಪೀ: ಇಟ್ಸ್ ಒರಿಜಿನ್ ಆ್ಯಂಡ್ ಇಟ್ಸ್ ಸೊಲ್ಯೂಷನ್”. ಒಂದೇ ಹೆಸರಿನಾಗ ಎರಡು ಸಲ “ಇಟ್ಸ್”. ಎರಡಕ್ಕೂ ಚುಕ್ಕಿ ಇಲ್ಲ. ಜಗತ್ತಿನಾಗ ಅತಿ ಹೆಚ್ಚು ಮಂದಿ ಎಡವೋ ಜಾಗ ಇದು. ಚುಕ್ಕಿ ಇದ್ರ “ಇಟ್ ಈಸ್”, ಅಂದ್ರ “ಅದು ಐತಿ”. ನಾವು “ಅದೈತಿ” ಅಂತೀವಲ್ಲ, ಹಂಗ, ಲೋಪ. ಚುಕ್ಕಿ ಇಲ್ಲಂದ್ರ “ಅದರ”. ಒಡೆತನ ಐತಿ ಅಂದ್ಮ್ಯಾಲೆ ಚುಕ್ಕಿ ಬೇಕಲ್ಲ ಅಂತ ಕೇಳಬಹುದು. ಸರ್ವನಾಮಕ್ಕ ಬ್ಯಾಡ. ಕನ್ನಡದಾಗ ನಾನು ಅನ್ನೋದು ನನ್ನ ಅಂತ ತಾನೇ ರೂಪ ಬದಲು ಮಾಡ್ಕೊತೈತಿ, ನೀನು ಅನ್ನೋದು ನಿನ್ನ ಆಗತೈತಿ. ಹಂಗ ಇಂಗ್ಲಿಷಿನಾಗ ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್, ಇಟ್ಸ್. ಯಾವುದಕ್ಕೂ ಚುಕ್ಕಿ ಇಲ್ಲ.

ಒಂದು ತಮಾಷೆ ಹೇಳ್ತೀನಿ. 1787ರ ಅಮೆರಿಕ ಸಂವಿಧಾನದ ಮೂಲ ಪ್ರತಿ, ಮೊದಲನೇ ವಿಧಿ, ಹತ್ತನೇ ಸೆಕ್ಷನ್. “ಅದರ” ಅನ್ನೋ ಅರ್ಥದಾಗ ಬಂದ “ಇಟ್ಸ್”ಗೆ ಚುಕ್ಕಿ ಇಟ್ಟಾರ. ಆ ಕಾಲಕ್ಕ ಹಂಗೂ ಬರೀತಿದ್ರು, ಇರಲಿ. ಆದ್ರ ಇವತ್ತಿಗೂ ಅದು ಹಂಗೇ ಗಾಜಿನ ಹಿಂದ ಐತಿ, ಜನ ಸಾಲು ಹಚ್ಚಿ ನೋಡ್ತಾರ, ಯಾರೂ ಕೆಂಪು ಸುತ್ತು ಹಾಕಿಲ್ಲ.

ಮೂರನೇದು. 1945ರಲ್ಲಿ ಬಾಬಾಸಾಹೇಬರು ಮುಂಬೈನಲ್ಲಿ ಕಟ್ಟಿದ ಸಂಸ್ಥೆ ಪೀಪಲ್’ಸ್ ಎಜುಕೇಶನ್ ಸೊಸೈಟಿ. ಮರುವರ್ಷ ಸಿದ್ಧಾರ್ಥ ಕಾಲೇಜು ಶುರು ಮಾಡಿದ್ದು ಅದೇ ಸಂಸ್ಥೆ. ಅಲ್ಲಿ ಚುಕ್ಕಿ ಎಸ್‌ಗಿಂತ ಮೊದಲು ಐತಿ. ಜನರು ಬಹುವಚನ ಅಲ್ಲೇನು, ಮತ್ಯಾಕ ಆಚೆ ಹೋಗಿಲ್ಲ? ಪೀಪಲ್ ಅನ್ನೋ ಶಬ್ದ ಎಸ್ ಇಲ್ಲದೇನೇ ಬಹುವಚನ. ವುಮೆನ್, ಚಿಲ್ಡ್ರನ್ ಅನ್ನೋವೂ ಹಂಗೇ. ಅದಕ್ಕೇ ಮಹಿಳಾ ದಿನ, ಮಕ್ಕಳ ದಿನದ ಬ್ಯಾನರಿನಾಗ ಚುಕ್ಕಿ ಮೊದಲು, ಎಸ್ ಆಮ್ಯಾಲೆ. ಶಿಕ್ಷಕರ ದಿನಕ್ಕ ಎಸ್ ಮೊದಲು, ಚುಕ್ಕಿ ಆಮ್ಯಾಲೆ. ಸೆಪ್ಟೆಂಬರ್ 5ಕ್ಕೆ ಕೇಕ್ ಮ್ಯಾಲೆ ಏನು ಬರೆದಿರ್ತಾರ ನೋಡ್ರಿ. ಗ್ರಾಮರ್ ಕಲಿಸೋ ಮಾಸ್ತರರೇ ಆ ಕೇಕ್ ಕೊಯ್ತಾರ.

ಇಷ್ಟೇ. ಪಾಠ ಮುಗೀತು. ನಮ್ಮ ಹುಡುಗ ಬಿಟ್ಟಿದ್ದು ಬಾಬಾಸಾಹೇಬರ ಸಂಸ್ಥೆಯ ಹೆಸರಿನಾಗಿರೋ ಅದೇ ಚುಕ್ಕಿಯನ್ನ.

ಎರಡನೇ ತಪ್ಪಿಗೆ ಬರ್ತೀನಿ, ಎಸ್‌ಸಿ’ಸ್. ಇದನ್ನ ಗುಮಾಸ್ತನಾಗಿ ಹೇಳಬೇಕು. ನನ್ನ ಟೇಬಲ್ಲಿಗೆ ಬಂದ ಎಷ್ಟೋ ಸುತ್ತೋಲೆಗಳಲ್ಲಿ ಎಸ್‌ಸಿ’ಸ್, ಎಸ್‌ಟಿ’ಸ್ ಅಂತ ಚುಕ್ಕಿ ಹಚ್ಚಿನೇ ಇರತೈತಿ. ದೊಡ್ಡ ದೊಡ್ಡ ಸಹಿ ಇರತಾವು ಅವಕ್ಕ. ಹುಡುಗ ಕಲ್ತದ್ದು ಅಲ್ಲಿಂದನೇ ಇರಬೇಕು. ಇನ್ನೂ ಮಜಾ ಏನಂದ್ರ, ಮೊದಲಕ್ಷರ ಸೇರಿಸಿ ಮಾಡಿದ ಶಬ್ದಕ್ಕ, ಇಸವಿಗೆ, ಬಹುವಚನದಾಗ ಚುಕ್ಕಿ ಇಡೋದು ಹಳೇ ಇಂಗ್ಲಿಷ್ ಪತ್ರಿಕೆಗಳಲ್ಲೂ ಇತ್ತು. ಈಗಿನ ರೂಢಿಯೊಳಗ ಬಿಟ್ಟಾರ, ನಾವೂ ಬಿಡೋದು ಒಳ್ಳೇದು. ಆದ್ರ ಕೆಂಪು ಸುತ್ತು ಹಾಕಿದ ಪಂಡಿತರಿಗೆ ಇದು ಗೊತ್ತಿರಲಿಲ್ಲ ಅಂತ ಕಾಣತೈತಿ.

ನಾನು ಈ ಚುಕ್ಕಿ ಬ್ಯಾಡ ಅನ್ನೋದಕ್ಕ ನನ್ನದೇ ಒಂದು ಕಾರಣ ಐತಿ. ಸಂವಿಧಾನದ 341ನೇ ವಿಧಿ ನೋಡ್ರಿ, ಶೆಡ್ಯೂಲ್ಡ್ ಕಾಸ್ಟ್ಸ್, ಚುಕ್ಕಿ ಇಲ್ಲದ ಬಹುವಚನ. ಅದೇ ಹಕ್ಕಿನ ಹೆಸರು. ಅದರ ಮಧ್ಯೆ ಯಾವ ಗುಮಾಸ್ತನೂ, ಯಾವ ಸಾಹೇಬನೂ ಚುಕ್ಕಿ ತುರುಕಬೇಕಿಲ್ಲ. ಕಾಗದದ ಮ್ಯಾಲಿನ ಒಂದಕ್ಷರದ ಬೆಲೆ ನಮಗ ಯಾರೂ ಹೇಳಿಕೊಡಬೇಕಿಲ್ಲ. ಮಹಾರಾಷ್ಟ್ರದಾಗ ಪಟ್ಟಿಯಲ್ಲಿರೋ ಧನಗಡ್ ಅಂದ್ರ ಧನಗರ್ ಹೌದೋ ಅಲ್ಲೋ ಅನ್ನೋ ಒಂದಕ್ಷರದ ತಕರಾರು ಹೈಕೋರ್ಟ್ ತನಕ ಹೋಗೈತಿ. ಜಾತಿ ಪ್ರಮಾಣಪತ್ರದಾಗ ಒಂದು ಸ್ಪೆಲ್ಲಿಂಗ್ ಹೆಚ್ಚುಕಡಿಮೆ ಆಗಿ ವರ್ಷಗಟ್ಟಲೆ ಅಲೆದವರು ನನ್ನ ಮನಿ ಕಟ್ಟಿಗೆ ಬಂದು ಕುಂತಾರ.

ಈಗ ಕೆಲವರು ಕೇಳ್ತೀರಿ, ಇಂಗ್ಲಿಷಿನವರೇ ಚುಕ್ಕಿ ಬಿಡಾಕತ್ತಾರಲ್ಲ ಅಂತ. ಹೌದು, ಬಿಡಾಕತ್ತಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲಿ ರಸ್ತೆ ಬೋರ್ಡುಗಳಿಗೆ ಚುಕ್ಕಿ ಬ್ಯಾಡ ಅಂತು. ವಾಟರ್‌ಸ್ಟೋನ್ಸ್ ಅನ್ನೋ ದೊಡ್ಡ ಪುಸ್ತಕದ ಅಂಗಡಿ 2012ರಲ್ಲಿ ತನ್ನ ಹೆಸರಿನದನ್ನ ತೆಗೀತು. ಚುಕ್ಕಿ ಉಳಿಸಾಕ ಅಂತ 2001ರಲ್ಲಿ ಜಾನ್ ರಿಚರ್ಡ್ಸ್ ಅನ್ನೋ ನಿವೃತ್ತ ಪತ್ರಕರ್ತ ಒಂದು ಸಂಘನೇ ಕಟ್ಟಿದ್ರು, 2019ರಲ್ಲಿ ಸಾಕಾಗಿ ಮುಚ್ಚೀನಿ ಅಂದ್ರು. ಅಮೆರಿಕದಾಗ ಊರು, ಬೆಟ್ಟಗಳ ಹೆಸರಿಗೆ ಚುಕ್ಕಿ ಬ್ಯಾಡ ಅನ್ನೋದು ನೂರು ವರ್ಷಕ್ಕೂ ಹಳೇ ಸರ್ಕಾರಿ ಪದ್ಧತಿ.

ಆದ್ರ ಅವರು ಬಿಟ್ರ ಸ್ಟೈಲ್ ಅಂತಾರ. ನಾವು ಬಿಟ್ರ ರಿಸರ್ವೇಶನ್ ಇಂಗ್ಲಿಷ್ ಅಂತಾರ. ಮೊದಲು ಕೈಯಾಗ ತಗೊಳ್ಳೋಣ, ಬಿಡೋದು ಆಮ್ಯಾಲೆ ನೋಡೋಣ. ಸಾವಿತ್ರಿಬಾಯಿ ಫುಲೆ 1854ರಷ್ಟು ಹಿಂದೇನೇ ತಮ್ಮ ಕವನ ಸಂಕಲನದೊಳಗ ಇಂಗ್ಲಿಷನ್ನ ತಾಯಿ ಅಂತ ಕರೆದವರು. ಕನ್ನಡ ಬಿಡ್ರಿ ಅಂತ ನಾ ಹೇಳಾಕತ್ತಿಲ್ಲ. ನಾನು ದಿನಾ ಅನ್ನ ತಿನ್ನೋದೇ ಕನ್ನಡ ಟಿಪ್ಪಣಿ ಬರೆದು. ಮನಿಯಾಗ ಎರಡು ಕುಡಗೋಲು ಇದ್ರ ಸುಗ್ಗಿಯಾಗ ಏನು ತ್ರಾಸು?

ಇನ್ನೊಂದು ಮಾತು ಹೇಳಬೇಕೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ. ಹೇಳಿಬಿಡ್ತೀನಿ.

ನಮ್ಮ ಅಜ್ಜನಿಗೆ ಊರಾಗ ಹೆಸರಿನಿಂದ ಕರೀತಿದ್ದವರು ಕಡಿಮೆ. “ವಾಡೇದವರ ಆಳು” ಅಂತಿದ್ರು. ಷಷ್ಠಿ ವಿಭಕ್ತಿ. ಜೀತ ರದ್ದು ಮಾಡೋ ಕಾಯ್ದೆ 1976ಕ್ಕೆ ಬಂತು, ಆದ್ರ ಅಜ್ಜ ಸಾಯೋ ತನಕ ಆ ವಿಭಕ್ತಿ ಪ್ರತ್ಯಯ ಅವನನ್ನ ಬಿಡಲಿಲ್ಲ. ಹೊಸ ಊರಿಗೆ ಹೋದ್ರ ಇವತ್ತಿಗೂ ಮೊದಲನೇ ಪ್ರಶ್ನೆ “ನೀವು ಯಾರ ಪೈಕಿ?”. ಅದೂ ಷಷ್ಠಿನೇ. ನಾವು ಯಾರಿಗೆ ಸೇರಿದವರು ಅಂತ ಬರೆಯಾಕ ಈ ದೇಶದ ಯಾವ ಭಾಷೆಯಾಗೂ ವ್ಯಾಕರಣ ಕಡಿಮೆ ಬಿದ್ದಿಲ್ಲ. ನಮಗ ಸೇರಿದ್ದು ಏನು ಅಂತ ಬರೆಯುವಾಗ ಮಾತ್ರ ತಕರಾರು. ಉತಾರದ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರತೈತಿ, 12ರಲ್ಲಿ ಸಾಗುವಳಿ ಮಾಡಿದವರದು. ತಲೆತಲಾಂತರ ಸಾಗುವಳಿ ಮಾಡಿದ ನಮ್ಮ ಮಂದಿಯೊಳಗ 9ನೇ ಕಾಲಂ ಮುಟ್ಟಿದವರು ಎಷ್ಟು ಜನ, ನಿಮ್ಮ ನಿಮ್ಮ ಊರಾಗ ಲೆಕ್ಕ ಹಾಕಿ ನೋಡ್ರಿ. “ಅವರ್ ಪೀಪಲ್’ಸ್ ಲ್ಯಾಂಡ್”, ನಮ್ಮ ಜನರ ಭೂಮಿ. ಆ ಹುಡುಗ ಬಿಟ್ಟ ಚುಕ್ಕಿ ಕುಂದ್ರಬೇಕಾದ ಜಾಗ ಅದು. ಅದಕ್ಕೇ ಅದು ತಪ್ಪಬಾರದು ಅಂತ ನಾ ಹಟ ಹಿಡಿದದ್ದು.

ಭಾನುವಾರ ಅವನನ್ನ ಚಿಕ್ಕನರಗುಂದಕ್ಕ ಕರೆಸಿದೆ. ನಮ್ಮ ಮನಿಯಾಗ ಊಟ ಮಾಡಿ ಇಬ್ಬರೂ ಕುಂತು ಮತ್ತೊಮ್ಮೆ ಅರ್ಜಿ ಬರೆದ್ವಿ. ಮೊದಲು ಕನ್ನಡದಾಗ. ಇದನ್ನ ಎಲ್ಲರೂ ತಿಳ್ಕೊಳ್ರಿ, 1963ರ ರಾಜಭಾಷಾ ಕಾಯ್ದೆ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ, ಕನ್ನಡದ ಅರ್ಜಿ ಓದಾಕ ಬರಂಗಿಲ್ಲ ಅಂತ ಯಾವ ಕಚೇರಿಯೂ ಹೇಳಂಗಿಲ್ಲ. ಸರ್ವೆ ನಂಬರ್, ಕೇರಿಯ ಮನಿಗಳ ಸಂಖ್ಯೆ, ಹಳ್ಳ ಬಂದಾಗ ತೆಗೆದ ಫೋಟೊ, ಹಿಂದ ಕೊಟ್ಟ ಅರ್ಜಿಗಳ ಸ್ವೀಕೃತಿ ನಂಬರ್ ಎಲ್ಲಾ ಹಚ್ಚಿದ್ವಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಂಗಲ್ಲ, ಇದು ಇಪ್ಪತ್ತು ವರ್ಷ ಕುರ್ಚಿ ಸವೆಸಿದವನ ಮಾತು. ಆಮ್ಯಾಲೆ ಅದರ ಇಂಗ್ಲಿಷ್ ಪ್ರತಿ. ಅವ ಹೇಳಿದ, ನಾ ಟೈಪ್ ಮಾಡಿದೆ. ಪೀಪಲ್’ಸ್ ಅಂತ ಬಂದಾಗ ನಾನೇ ಬೇಕಂತ ಕೈ ತಡೆದು ಕುಂತೆ. “ಅಣ್ಣಾ, ಎಸ್‌ಗಿಂತ ಮೊದಲು” ಅಂದ.

ಪ್ರಿಂಟ್ ತೆಗೆದು ಓದಿ ನೋಡಪಾ ಅಂತ ಕೊಟ್ಟೆ. ಎರಡನೇ ಪುಟದಾಗ ಪೆನ್ನು ನಿಲ್ಲಿಸಿದ. ಜಾಗದ ಚಕ್ಕುಬಂದಿ ಬರೆದ ಸಾಲು, “ಅದರ ಪಶ್ಚಿಮಕ್ಕೆ ಹಳ್ಳ” ಅನ್ನೋ ಕಡೆ, ಇಟ್ಸ್‌ಗೆ ನಾನು ಚುಕ್ಕಿ ಹಚ್ಚಿದ್ದೆ! ಮೊಬೈಲ್ ತಾನೇ ಹಾಕೇತಿ ಅಂತ ಸುಳ್ಳು ಹೇಳೋಣ ಅಂದ್ರ ಟೈಪ್ ಮಾಡಿದ್ದು ಕಂಪ್ಯೂಟರಿನಾಗ. ನೀಲಿ ಪೆನ್ನಿನಿಂದ ಸಣ್ಣಗ ಒಂದು ಗೆರಿ ಎಳೆದು, ಬಾಜೂಕ “ಅದು ಐತಿ ಅಲ್ಲ, ಅದರ” ಅಂತ ಕನ್ನಡದಾಗ ಬರೆದು ವಾಪಸ್ ಕೊಟ್ಟ.

ಸೋಮವಾರ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡು ಬಂದ್ವಿ. ಅವ ಅದೇ ಗುಂಪಿಗೆ ಮತ್ತ ಸೇರಿ ಇಂಗ್ಲಿಷ್ ಪ್ರತಿಯನ್ನ ಪೂರ್ತಿ ಹಾಕ್ಯಾನ. ಇದನ್ನ ಬರೆಯೋ ಹೊತ್ತಿಗೆ ಮೂರು ದಿನ ಆತು. ನೂರಾ ಹನ್ನೆರಡು ಮಂದಿ ನೋಡ್ಯಾರ ಅಂತ ತೋರಸಾಕತ್ತೈತಿ. ಯಾರೂ ಏನೂ ಅಂದಿಲ್ಲ. ಸ್ಮಶಾನದ ಬಗ್ಗೆನೂ ಅಂದಿಲ್ಲ.